ಸ್ವಸ್ಥಬೋಧನೆ ಮತ್ತು ಸತ್ಯವೇದಾಧ್ಯಯನ: ಕನ್ನಡ ಪ್ರಾಟೆಸ್ಟಂಟ್ ಪರಂಪರೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಕರ್ನಾಟಕದಲ್ಲಿ ಕ್ರೈಸ್ತ ಮಿಶನರಿಗಳ ಕಾರ್ಯವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ನಿಘಂಟು, ವ್ಯಾಕರಣ, ಮುದ್ರಣ, ಪತ್ರಿಕೆ ಮತ್ತು ಶಾಲೆಗಳನ್ನು ಕೇಂದ್ರವಾಗಿಟ್ಟುಕೊಂಡು ನಡೆದಿವೆ. ೧೮೪೩ರ ‘ಮಂಗಳೂರ ಸಮಾಚಾರ’, ಹರ್ಮನ್ ಮೋಗ್ಲಿಂಗ್ ಅವರ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆ, ೧೮೯೪ರಲ್ಲಿ ಪ್ರಕಟವಾದ ಫರ್ಡಿನೆಂಡ್ ಕಿಟ್ಟೆಲ್ ಅವರ ನಿಘಂಟು ಇವೆಲ್ಲ ಕನ್ನಡ ವಿದ್ವತ್ತಿನ ಚರಿತ್ರೆಯಲ್ಲಿ ತಮ್ಮ ಸ್ಥಾನವನ್ನು ಪಡೆದಿವೆ. ಆದರೆ ಈ ವಿದ್ವಾಂಸರನ್ನು ಕನ್ನಡದ ಅಧ್ಯಯನಕ್ಕೆ ತೊಡಗಿಸಿದ ಮೂಲ ಕಾಳಜಿ ಬೇರೆಯದು. ಸಾಮಾನ್ಯ ಓದುಗನು ತನ್ನ ನುಡಿಯಲ್ಲಿಯೇ ಬೈಬಲನ್ನು ಓದಬೇಕು, ತಾನು ಕೇಳಿದ ಬೋಧನೆಯನ್ನು ಅದರ ಒರೆಗಲ್ಲಿಗೆ ಹಚ್ಚಿ ನೋಡಬೇಕು ಎಂಬುದೇ ಆ ಕಾಳಜಿ. ಸುವಾರ್ತಾನಿಷ್ಠ ಅಥವಾ ಇವ್ಯಾಂಜೆಲಿಕಲ್ ಎಂದು ಕರೆಯಲಾಗುವ ಕ್ರೈಸ್ತ ಪರಂಪರೆಯಲ್ಲಿ ಈ ಕಾಳಜಿಗೆ ‘ಸ್ವಸ್ಥಬೋಧನೆ’ ಎಂಬ ಹೆಸರಿದೆ. ಈ ಪರಿಕಲ್ಪನೆಯ ಅರ್ಥ, ಅದರ ಐತಿಹಾಸಿಕ ಬೇರು, ಕನ್ನಡದಲ್ಲಿ ಅದು ಪಡೆದ ರೂಪ ಹಾಗೂ ಅದು ಓದುಗರ ಮೇಲೆ ಹೊರಿಸುವ ಹೊಣೆಯನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ‘ಸ್ವಸ್ಥ’ ಎಂಬ ವಿಶೇಷಣ

ಹೊಸ ಒಡಂಬಡಿಕೆಯಲ್ಲಿ ತಿಮೊಥೆಯನಿಗೆ ಬರೆದ ಎರಡು ಪತ್ರಿಕೆಗಳು ಮತ್ತು ತೀತನಿಗೆ ಬರೆದ ಒಂದು ಪತ್ರಿಕೆ ಸಭೆಯ ಮೇಲ್ವಿಚಾರಣೆಯನ್ನು ಕುರಿತವು. ಇವು ಅಪೊಸ್ತಲನಾದ ಪೌಲನ ಬರಹಗಳೆಂಬುದು ಸಾಂಪ್ರದಾಯಿಕ ನಿಲುವು. ಸುವಾರ್ತಾನಿಷ್ಠ ವಿದ್ವಾಂಸರಲ್ಲಿ ಹೆಚ್ಚಿನವರು ಇದನ್ನೇ ಎತ್ತಿಹಿಡಿಯುತ್ತಾರೆ. ಪೌಲನ ನಂತರ ಅವನ ಶಿಷ್ಯವರ್ಗದವರು ಇವನ್ನು ರಚಿಸಿರಬೇಕೆಂಬುದು ಆಧುನಿಕ ವಿಮರ್ಶಕರಲ್ಲಿ ಅನೇಕರ ಅಭಿಪ್ರಾಯ. ಕರ್ತೃತ್ವ ಯಾರದೇ ಆಗಿರಲಿ, ಈ ಮೂರು ಪತ್ರಿಕೆಗಳಿಗೆ ಸಮಾನವಾದ ಒಂದು ಪದಪ್ರಯೋಗವಿದೆ. ‘ಹುಗಿಯಾಯ್ನೋ’ ಎಂಬ ಗ್ರೀಕ್ ಕ್ರಿಯಾಪದವು ಇಲ್ಲಿ ಎಂಟು ಬಾರಿ ಬಂದಿದ್ದು, ಬೋಧನೆ, ಮಾತು, ನಂಬಿಕೆ ಎಂಬ ಪದಗಳೊಡನೆ ಕೂಡಿಕೊಂಡಿದೆ. ಆರೋಗ್ಯದಿಂದಿರುವುದು ಎಂಬುದೇ ಇದರ ನೇರವಾದ ಅರ್ಥ. ಲೂಕನ ಸುವಾರ್ತೆಯಲ್ಲಿ ವೈದ್ಯನ ಅಗತ್ಯವಿಲ್ಲದ ಆರೋಗ್ಯವಂತರನ್ನು ಸೂಚಿಸಲು ಬಳಕೆಯಾಗಿರುವುದು ಇದೇ ಕ್ರಿಯಾಪದ (೫:೩೧). ಇಂಗ್ಲಿಷಿನ ಮೂಲಕ ಕನ್ನಡಕ್ಕೂ ಪರಿಚಿತವಾಗಿರುವ ‘ಹೈಜಿನ್’ ಎಂಬ ಪದ ಇದೇ ಕುಲದ್ದು.

ಈ ರೂಪಕವು ಆಕಸ್ಮಿಕವಲ್ಲ. ಅದೇ ಪತ್ರಿಕೆಗಳಲ್ಲಿ ವಾಗ್ವಾದಗಳ ಗೀಳು ಹಿಡಿದವನನ್ನು ರೋಗಿಯೆಂದು ಬಣ್ಣಿಸಲಾಗಿದೆ (೧ ತಿಮೊಥೆ ೬:೪). ಅಡ್ಡದಾರಿಯ ಮಾತು ಅಂಗಾಂಗವನ್ನು ಕೊಳೆಸುತ್ತ ಹರಡುವ ವ್ರಣಕ್ಕೆ ಹೋಲಿಸಲ್ಪಟ್ಟಿದೆ (೨ ತಿಮೊಥೆ ೨:೧೭). ಆದ್ದರಿಂದ ಸ್ವಸ್ಥಬೋಧನೆಯೆಂದರೆ ತರ್ಕದಲ್ಲಿ ದೋಷವಿಲ್ಲದ ಸಿದ್ಧಾಂತವಷ್ಟೇ ಅಲ್ಲ. ಕೇಳಿದವರ ಬಾಳನ್ನು ಆರೋಗ್ಯದಲ್ಲಿರಿಸುವ ಬೋಧನೆ ಎಂದಾಗುತ್ತದೆ. ಕನ್ನಡ ಸತ್ಯವೇದದ ಅನುವಾದಕರು ‘ಶುದ್ಧ’, ‘ಸರಿಯಾದ’ ಎಂಬ ಪದಗಳಿಗೆ ಬದಲಾಗಿ ‘ಸ್ವಸ್ಥ’ ಎಂಬುದನ್ನು ಬಳಸಿದುದರಿಂದ ಈ ವೈದ್ಯಕೀಯ ರೂಪಕ ಕನ್ನಡದಲ್ಲಿ ಉಳಿದುಕೊಂಡಿತು. ತನ್ನಲ್ಲಿ ತಾನು ನೆಲೆನಿಂತದ್ದು ಎಂಬ ವ್ಯುತ್ಪತ್ತಿಯ ಈ ಸಂಸ್ಕೃತ ಪದಕ್ಕೆ ಆಯುರ್ವೇದದಲ್ಲಿ ‘ಸ್ವಸ್ಥವೃತ್ತ’ ಎಂಬ ಪ್ರಸಿದ್ಧ ಬಳಕೆಯಿದೆ. ರೋಗ ಬಾರದಂತೆ ದಿನದಿನವೂ ಪಾಲಿಸಬೇಕಾದ ನಡವಳಿಕೆಯ ಕ್ರಮವೇ ಸ್ವಸ್ಥವೃತ್ತ. ತೀತನಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯ ಸ್ವಸ್ಥಬೋಧನೆಯನ್ನು ಹೆಸರಿಸಿದ ಕೂಡಲೇ ವೃದ್ಧರು, ವೃದ್ಧೆಯರು, ಯುವತಿಯರು, ಯುವಕರು, ದಾಸರು ಹೇಗೆ ಬಾಳಬೇಕೆಂಬ ವಿವರಕ್ಕೆ ಇಳಿಯುವುದನ್ನು ಗಮನಿಸಿದರೆ, ಈ ಎರಡು ಪದಗಳ ಸಾಮೀಪ್ಯ ಅರ್ಥಪೂರ್ಣವೆನಿಸುತ್ತದೆ.

೨. ಓದುವ ಸಭೆಯ ಹಿನ್ನೆಲೆ

ಬೋಧನೆಯನ್ನು ಪರೀಕ್ಷಿಸುವ ಅಧಿಕಾರ ಯಾರದು ಎಂಬ ಪ್ರಶ್ನೆಗೆ ಸುವಾರ್ತಾನಿಷ್ಠರು ನೀಡುವ ಉತ್ತರಕ್ಕೆ ಎರಡು ಬೈಬಲ್ ಪ್ರಸಂಗಗಳು ಆಧಾರವಾಗಿವೆ. ಮೊದಲನೆಯದು ನೆಹೆಮೀಯನ ಗ್ರಂಥದ ಎಂಟನೆಯ ಅಧ್ಯಾಯ. ಸೆರೆಯಿಂದ ಮರಳಿದ ಯೆಹೂದ್ಯರು ಯೆರೂಸಲೇಮಿನ ನೀರುಬಾಗಿಲ ಮುಂದಿನ ಬಯಲಿನಲ್ಲಿ ನೆರೆದಾಗ ಎಜ್ರನು ಧರ್ಮಶಾಸ್ತ್ರವನ್ನು ಓದುತ್ತಾನೆ. ಲೇವಿಯರು ಅದರ ಅರ್ಥವನ್ನು ವಿವರಿಸಿ ಜನರಿಗೆ ತಿಳಿಯುವಂತೆ ಮಾಡುತ್ತಾರೆ. ಗಂಡಸರು, ಹೆಂಗಸರು, ತಿಳಿದುಕೊಳ್ಳಬಲ್ಲ ಎಲ್ಲರೂ ಅಲ್ಲಿದ್ದರೆಂದು ಗ್ರಂಥ ಹೇಳುತ್ತದೆ. ಎರಡನೆಯದು ಅಪೊಸ್ತಲರ ಕೃತ್ಯಗಳಲ್ಲಿ ಬರುವ ಬೆರೋಯದವರ ಪ್ರಸಂಗ (೧೭:೧೧). ಪೌಲನು ಹೇಳಿದ್ದು ನಿಜವೋ ಎಂದು ಅವರು ದಿನವೂ ಶಾಸ್ತ್ರಗಳನ್ನು ಪರಿಶೀಲಿಸುತ್ತಿದ್ದರು. ಬೋಧಿಸಿದವನು ಅಪೊಸ್ತಲನೇ ಆಗಿದ್ದರೂ ಕೇಳುಗರ ಪರಿಶೀಲನೆಯನ್ನು ಗ್ರಂಥಕರ್ತನು ಉದ್ಧಟತನವೆಂದು ಹಳಿಯದೆ ಸದ್ಗುಣವೆಂದು ಎಣಿಸಿರುವುದು ಇಲ್ಲಿ ಮುಖ್ಯವಾಗುತ್ತದೆ.

ಕರ್ನಾಟಕಕ್ಕೆ ಈ ನಿಲುವು ತಲುಪಿದ ಮುಖ್ಯ ದಾರಿಗಳಲ್ಲಿ ಜರ್ಮನಿಯ ಪಯಟಿಸಂ ಚಳುವಳಿಯೂ ಒಂದು. ಫಿಲಿಪ್ ಯಾಕೋಬ್ ಸ್ಪೇನರ್ ೧೬೭೫ರಲ್ಲಿ ಪ್ರಕಟಿಸಿದ ‘ಪಿಯಾ ದೆಸಿದೆರಿಯಾ’ ಎಂಬ ಕೃತಿಯು ದೇವಾಲಯದ ಪ್ರಸಂಗದ ಜೊತೆಗೆ, ಸಾಮಾನ್ಯ ಭಕ್ತರು ಚಿಕ್ಕ ಕೂಟಗಳಲ್ಲಿ ಸೇರಿ ಬೈಬಲನ್ನು ಓದಿ ಚರ್ಚಿಸಬೇಕೆಂದು ಸೂಚಿಸಿತು. ವ್ಯುರ್ಟೆಂಬರ್ಗ್ ಪ್ರಾಂತದಲ್ಲಿ ಇಂಥ ಕೂಟಗಳಿಗೆ ೧೭೪೩ರಲ್ಲಿ ಅಧಿಕೃತ ಮನ್ನಣೆ ದೊರೆಯಿತು. ಅದೇ ಪ್ರಾಂತದ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ ೧೭೩೪ರಲ್ಲಿ ಗ್ರೀಕ್ ಹೊಸ ಒಡಂಬಡಿಕೆಯ ಪರಿಷ್ಕೃತ ಪಾಠವನ್ನೂ, ೧೭೪೨ರಲ್ಲಿ ‘ಗ್ನೋಮೊನ್’ ಎಂಬ ವ್ಯಾಖ್ಯಾನವನ್ನೂ ಹೊರತಂದನು. ಭಕ್ತಿಯ ತೀವ್ರತೆ ಮತ್ತು ಪಾಠಶೋಧನೆಯ ಶಿಸ್ತು ಒಬ್ಬನೇ ವ್ಯಕ್ತಿಯಲ್ಲಿ ಕೂಡಿದ ಈ ಮಾದರಿ ಮುಂದೆ ಮಂಗಳೂರಿನಲ್ಲಿಯೂ ಕಾಣಿಸಿಕೊಂಡಿತು. ೧೮೧೫ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ನಿಗೆ ಹೆಚ್ಚಿನ ಕಾರ್ಯಕರ್ತರನ್ನು ಒದಗಿಸಿದ್ದು ಈ ವ್ಯುರ್ಟೆಂಬರ್ಗಿನ ಪರಿಸರವೇ. ಸಾಮ್ಯುಯೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ೧೮೩೪ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದರು. ಮೋಗ್ಲಿಂಗ್ ೧೮೩೬ರಲ್ಲಿಯೂ ಕಿಟ್ಟೆಲ್ ೧೮೫೩ರಲ್ಲಿಯೂ ಬಂದು ಸೇರಿದರು.

ಇವರಿಗಿಂತ ಮೊದಲೇ ಲಂಡನ್ ಮಿಶನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ೧೮೧೦ರಲ್ಲಿ ಬಳ್ಳಾರಿಗೆ ಬಂದು ಅನುವಾದಕ್ಕೆ ಕೈಹಾಕಿದ್ದನು. ಅವನ ಮತ್ತು ವಿಲಿಯಂ ರೀವ್ ಮೊದಲಾದವರ ಶ್ರಮದಿಂದ ೧೮೩೧ರಲ್ಲಿ ಕನ್ನಡದ ಸಂಪೂರ್ಣ ಬೈಬಲ್ ಸಿದ್ಧವಾಯಿತು. ಅಲ್ಲಿಗೆ ಕೆಲಸ ಮುಗಿಯಲಿಲ್ಲ. ಗಾಟ್‌ಫ್ರೀಡ್ ವೈಗ್ಲೆ ಮೊದಲಾದವರು ಪರಿಷ್ಕರಣಕ್ಕೆ ದುಡಿದರು. ಒಮ್ಮೆ ಮುದ್ರಿತವಾದ ಪವಿತ್ರ ಗ್ರಂಥವನ್ನೇ ಮತ್ತೆ ಮತ್ತೆ ತಿದ್ದಲು ಒಪ್ಪಿದ ಈ ಮನೋಧರ್ಮವೇ ಸ್ವಸ್ಥಬೋಧನೆಯ ಒಂದು ಮುಖ. ಮೂಲವು ಪ್ರಮಾಣ, ಅನುವಾದವು ಸೇವಕ ಎಂಬ ತಿಳಿವು ಇದರ ಹಿಂದಿದೆ.

೩. ಪದಗಳ ಆಯ್ಕೆ, ಸಿದ್ಧಾಂತದ ಹೊಣೆ

ಕ್ರೈಸ್ತ ಸಿದ್ಧಾಂತಕ್ಕೆ ಕನ್ನಡದಲ್ಲಿ ಸಿದ್ಧವಾದ ಪದಕೋಶ ಇರಲಿಲ್ಲ. ಇದ್ದ ಪದಗಳು ಜೈನ, ವೀರಶೈವ ಹಾಗೂ ವೈಷ್ಣವ ಪರಂಪರೆಗಳಲ್ಲಿ ಶತಮಾನಗಳ ಕಾಲ ಮಾಗಿದಂಥವು. ಅಂಥ ಪದವನ್ನು ಸ್ವೀಕರಿಸಿದರೆ ಅದರ ಹಳೆಯ ಅರ್ಥವೂ ಜೊತೆಗೆ ಬರುತ್ತದೆ. ಬಿಟ್ಟು ಹೊಸದನ್ನು ಸೃಷ್ಟಿಸಿದರೆ ಕೇಳುಗನಿಗೆ ಏನೂ ತಿಳಿಯದು. ಈ ಇಕ್ಕಟ್ಟಿಗೆ ಅನುವಾದಕರು ಕಂಡುಕೊಂಡ ಪರಿಹಾರಗಳು ಎಲ್ಲ ಕಡೆಯೂ ಒಂದೇ ಬಗೆಯಾಗಿಲ್ಲ.

ಗ್ರಂಥದ ಹೆಸರನ್ನೇ ನೋಡಬಹುದು. ‘ಸತ್ಯವೇದ’ ಎಂಬಲ್ಲಿ ವೇದವೆಂಬ ಪದದ ಗೌರವವನ್ನು ಎರವಲು ಪಡೆದು, ‘ಸತ್ಯ’ ಎಂಬ ವಿಶೇಷಣದಿಂದ ಅದಕ್ಕೆ ಬೇರೆಯ ಹಕ್ಕನ್ನು ಸಾಧಿಸಲಾಗಿದೆ. ‘ದೀಕ್ಷಾಸ್ನಾನ’ದಲ್ಲಿ ಶೈವ ಪರಂಪರೆಗೆ ಸುಪರಿಚಿತವಾದ ದೀಕ್ಷೆಯು ನೀರಿನ ಸಂಸ್ಕಾರದೊಡನೆ ಬೆಸೆದುಕೊಂಡಿದೆ. ಕಥೋಲಿಕ ಸಂಪ್ರದಾಯ ಇದೇ ಸಂಸ್ಕಾರವನ್ನು ‘ಜ್ಞಾನಸ್ನಾನ’ವೆಂದೂ, ಪ್ರಾಟೆಸ್ಟಂಟರ ‘ಸುವಾರ್ತೆ’ಯನ್ನು ‘ಶುಭಸಂದೇಶ’ವೆಂದೂ, ‘ನಂಬಿಕೆ’ಯನ್ನು ‘ವಿಶ್ವಾಸ’ವೆಂದೂ ಕರೆಯುತ್ತ ಬಂದಿದೆ. ‘ನಂಬು’ ಎಂಬ ಅಚ್ಚಗನ್ನಡ ಧಾತು ವಚನಕಾರರಿಗೂ ಹರಿದಾಸರಿಗೂ ಪ್ರಿಯವಾದುದು. ಬುದ್ಧಿಯ ಒಪ್ಪಿಗೆಗಿಂತ ಮೊರೆಹೋಗುವಿಕೆಯನ್ನು ಒತ್ತಿ ಹೇಳುವ ಈ ಧಾತುವಿನಿಂದ ‘ಪಿಸ್ತಿಸ್’ ಎಂಬ ಗ್ರೀಕ್ ಪದದ ಆಶಯ ಕನ್ನಡದಲ್ಲಿ ಹದವಾಗಿ ನೆಲೆಗೊಂಡಿತು.

ಎಲ್ಲ ಪದಗಳೂ ಇಷ್ಟು ಸಲೀಸಾಗಿ ಒಗ್ಗಿಕೊಳ್ಳಲಿಲ್ಲ. ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ‘ಲೋಗೋಸ್’ ಶರೀರವಾದುದನ್ನು ಹೇಳುವಲ್ಲಿ (೧:೧೪) ದೀರ್ಘಕಾಲ ಬಳಕೆಯಲ್ಲಿರುವ ಕನ್ನಡ ಅನುವಾದ ‘ನರಾವತಾರ’ ಎಂಬ ಪದವನ್ನು ಬಳಸಿದೆ. ಕನ್ನಡಿಗನಿಗೆ ಅವತಾರವೆಂದರೆ ದಶಾವತಾರದ ನೆನಪು. ಧರ್ಮಗ್ಲಾನಿಯಾದಾಗಲೆಲ್ಲ ಮರಳಿ ಬರುವ ದೈವದ ನೆನಪು. ಕ್ರೈಸ್ತ ಸಿದ್ಧಾಂತವಾದರೋ ಈ ಘಟನೆ ಒಂದೇ ಸಾರಿ ನಡೆದದ್ದು, ಪುನರಾವರ್ತನೆಯಿಲ್ಲದ್ದು ಎನ್ನುತ್ತದೆ. ಇಬ್ರಿಯರಿಗೆ ಬರೆದ ಪತ್ರಿಕೆ ಕ್ರಿಸ್ತನ ಯಜ್ಞದ ವಿಷಯದಲ್ಲಿ ‘ಒಂದೇ ಸಾರಿ’ ಎಂಬುದನ್ನು ಒತ್ತಿ ಹೇಳುತ್ತದೆ. ಪದ ಒಂದು ಬಾಗಿಲನ್ನು ತೆರೆದರೆ, ಸಿದ್ಧಾಂತ ಅದರ ಹೊಸ್ತಿಲಲ್ಲಿ ಒಂದು ವಿವರಣೆಯನ್ನು ಬೇಡುತ್ತದೆ. ಇದಕ್ಕೆ ವಿರುದ್ಧವಾಗಿ, ಅದೇ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಯೇಸು ನಿಕೊದೇಮನಿಗೆ ಹೇಳುವ ಮಾತಿಗೆ ‘ಪುನರ್ಜನ್ಮ’ವೆಂಬ ಸಿದ್ಧಪದವನ್ನು ತೆಗೆದುಕೊಳ್ಳದೆ ‘ಹೊಸದಾಗಿ ಹುಟ್ಟು’ ಎಂಬ ಸರಳ ನುಡಿಯನ್ನು ಬಳಸಲಾಗಿದೆ. ಅಲ್ಲಿ ಹಳೆಯ ಪದ ತರಬಹುದಾಗಿದ್ದ ಕರ್ಮಸಿದ್ಧಾಂತದ ಛಾಯೆ ಪ್ರಸಂಗದ ಅರ್ಥವನ್ನೇ ತಿರುಗಿಸಿಬಿಡುತ್ತಿತ್ತು.

ಸುಧಾರಣಾ ಪರಂಪರೆಯ ಹೃದಯವೆನಿಸಿದ ‘ದಿಕಾಯೊಸುನೆ’ ಎಂಬ ಪದಕ್ಕೆ ‘ನೀತಿ’ ಎಂಬ ಪದ ನಿಂತಿತು. ಕನ್ನಡದಲ್ಲಿ ನೀತಿಯೆಂದರೆ ಸದಾಚಾರ, ಲೋಕವ್ಯವಹಾರದ ವಿವೇಕ. ರೋಮಾಪುರದವರಿಗೆ ಬರೆದ ಪತ್ರಿಕೆಯನ್ನು ಈ ಅರ್ಥದಲ್ಲಿಯೇ ಓದಿದರೆ, ಮನುಷ್ಯನು ತನ್ನ ನಡತೆಯಿಂದ ದೇವರ ಮೆಚ್ಚುಗೆ ಗಳಿಸುತ್ತಾನೆಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ. ಪತ್ರಿಕೆಯ ವಾದ ಇದಕ್ಕೆ ತೀರ ವ್ಯತಿರಿಕ್ತ. ಇದನ್ನು ಅರಿತೇ ಅನುವಾದಕರು ‘ನೀತಿವಂತರೆಂದು ನಿರ್ಣಯ ಹೊಂದು’ ಎಂಬ ನ್ಯಾಯಸ್ಥಾನದ ಪರಿಭಾಷೆಯನ್ನು ಜೋಡಿಸಿದರು. ‘ನಿರ್ಣಯ’ ಎಂಬ ಆ ಒಂದು ಪದವನ್ನು ಗಮನಿಸದೆ ಮುಂದೆ ಸಾಗುವ ಓದುಗನು ಪತ್ರಿಕೆಯ ತಿರುಳನ್ನು ಕಳೆದುಕೊಳ್ಳುತ್ತಾನೆ. ಕಿಟ್ಟೆಲ್ ಅವರೂ ಇಂಥ ಸಮಸ್ಯೆಗಳ ನಡುವೆಯೇ ಕೆಲಸ ಮಾಡಿದವರು. ಕ್ರಿಸ್ತನ ಚರಿತ್ರೆಯನ್ನು ದೇಶೀಯ ಛಂದಸ್ಸಿಗೆ ಇಳಿಸಿದ ‘ಕಥಾಮಾಲೆ’ (೧೮೬೨) ಹಾಗೂ ಯಜ್ಞದ ಪರಿಕಲ್ಪನೆಯನ್ನು ಕುರಿತ ‘ಯಜ್ಞಸುಧಾನಿಧಿ’ (೧೮೭೨) ಇದಕ್ಕೆ ಸಾಕ್ಷಿ.

೪. ‘ಯಾಕಂದರೆ’ ಎಂಬ ಕೊಂಡಿ

ಮಿಶನರಿಗಳ ಬೈಬಲ್ ಅನುವಾದವನ್ನು ಕುರಿತು ‘ಪಾದ್ರಿ ಕನ್ನಡ’ ಎಂಬ ಹಗುರವಾದ ಮಾತು ಸಾಹಿತ್ಯವಲಯದಲ್ಲಿ ಹಿಂದಿನಿಂದಲೂ ಇದೆ. ವಾಕ್ಯಾರಂಭದಲ್ಲಿ ಮರುಕಳಿಸುವ ‘ಯಾಕಂದರೆ’, ‘ಹೀಗಿರಲಾಗಿ’, ‘ಆದಕಾರಣ’ ಮೊದಲಾದವು ಈ ಟೀಕೆಗೆ ಮುಖ್ಯವಾಗಿ ಗುರಿಯಾಗಿವೆ. ಕಾರಣವನ್ನು ಮೊದಲು ಹೇಳಿ ಕಾರ್ಯವನ್ನು ಆಮೇಲೆ ಹೇಳುವುದು ಕನ್ನಡದ ಸಹಜ ಜಾಡು. ಕಾರಣವನ್ನು ಹಿಂದೆ ಹಾಕಿ ‘ಯಾಕಂದರೆ’ ಎಂದು ತೊಡಗುವುದು ಗ್ರೀಕ್ ಮತ್ತು ಇಂಗ್ಲಿಷ್ ವಾಕ್ಯರಚನೆಯ ನೆರಳು. ಶೈಲಿಯ ದೃಷ್ಟಿಯಿಂದ ಟೀಕೆ ನ್ಯಾಯವಾದುದೇ.

ಆದರೆ ಅಧ್ಯಯನದ ದೃಷ್ಟಿಯಿಂದ ಇದಕ್ಕೆ ಇನ್ನೊಂದು ಮಗ್ಗುಲಿದೆ. ಪೌಲನ ಪತ್ರಿಕೆಗಳು ಬಿಡಿ ಸೂಕ್ತಿಗಳ ಸಂಗ್ರಹವಲ್ಲ. ಒಂದು ಮಾತಿನಿಂದ ಮತ್ತೊಂದನ್ನು ಹೊರಡಿಸುವ ವಾದಸರಣಿಗಳು. ಗ್ರೀಕಿನ ‘ಗಾರ್’ ಮತ್ತು ‘ಊನ್’ ಎಂಬ ಅವ್ಯಯಗಳು ಆ ಸರಣಿಯ ಕೊಂಡಿಗಳು. ಅವುಗಳನ್ನು ಕನ್ನಡದಲ್ಲಿಯೂ ಕಾಣುವಂತೆ ಉಳಿಸಿದ್ದರಿಂದ, ಗ್ರೀಕ್ ಅರಿಯದ ಹಳ್ಳಿಯ ಉಪದೇಶಿಗೂ ಈ ವಚನ ಹಿಂದಿನ ಯಾವ ಮಾತಿಗೆ ಕಾರಣ ಕೊಡುತ್ತಿದೆ ಎಂದು ಕೇಳುವುದು ಸಾಧ್ಯವಾಯಿತು. ಓದಲು ತೊಡಕೆನಿಸಿದ ವಾಕ್ಯರಚನೆಯೇ ಪರಿಶೀಲನೆಗೆ ಉಪಕರಣವಾಯಿತು. ನಂತರದ ಸುಲಭ ಅನುವಾದಗಳು ವಾಕ್ಯಗಳನ್ನು ತುಂಡರಿಸಿ ಓದನ್ನು ಹಗುರಗೊಳಿಸಿದಾಗ ಇಂಥ ಕೊಂಡಿಗಳು ಕೆಲವೆಡೆ ಮರೆಯಾಗುವುದುಂಟು. ಹಳೆಯದು ಮತ್ತು ಹೊಸದನ್ನು ಅಕ್ಕಪಕ್ಕದಲ್ಲಿಟ್ಟು ಓದುವುದೇ ಇದಕ್ಕೆ ತಕ್ಕ ಕ್ರಮ.

೫. ಅಧ್ಯಯನದ ಕ್ರಮ: ಒಂದು ನಿದರ್ಶನ

ಇಪ್ಪತ್ತನೆಯ ಶತಮಾನದಲ್ಲಿ ಸುವಾರ್ತಾನಿಷ್ಠರ ಗುಂಪು ಅಧ್ಯಯನಕ್ಕೆ ಒಂದು ನಿಯತವಾದ ಕ್ರಮ ರೂಪುಗೊಂಡಿತು. ಪಠ್ಯ ಏನು ಹೇಳುತ್ತದೆ ಎಂಬ ಅವಲೋಕನ, ಮೊದಲ ಕೇಳುಗರಿಗೆ ಅದರ ಅರ್ಥವೇನಾಗಿತ್ತು ಎಂಬ ಅರ್ಥನಿರ್ಣಯ, ಇಂದಿನ ಬಾಳಿಗೆ ಅದರಿಂದ ಏನು ಸಲ್ಲುತ್ತದೆ ಎಂಬ ಅನ್ವಯ ಇವು ಅದರ ಮೂರು ಹಂತಗಳು. ರಾಬರ್ಟ್ ಟ್ರೈನಾ ೧೯೫೨ರಲ್ಲಿ ಪ್ರಕಟಿಸಿದ ಗ್ರಂಥ ಈ ಅನುಗಮನ ಪದ್ಧತಿಗೆ ಶಾಸ್ತ್ರೀಯ ರೂಪ ಕೊಟ್ಟಿತು. ಭಾರತದಲ್ಲಿ ೧೯೫೪ರಲ್ಲಿ ಸ್ಥಾಪಿತವಾದ ಯೂನಿಯನ್ ಆಫ್ ಇವ್ಯಾಂಜೆಲಿಕಲ್ ಸ್ಟೂಡೆಂಟ್ಸ್ ಆಫ್ ಇಂಡಿಯಾದಂಥ ಸಂಘಟನೆಗಳು ಗುಂಪು ಅಧ್ಯಯನವನ್ನು ಕಾಲೇಜು ವಿದ್ಯಾರ್ಥಿಗಳ ನಡುವೆ ಬೆಳೆಸಿದವು. ಈ ಕ್ರಮದ ಬೆಲೆಯನ್ನು ಒಂದು ನಿದರ್ಶನದಿಂದ ತಿಳಿಯಬಹುದು.

ದಕ್ಷಿಣ ಭಾರತದ ಅನೇಕ ಸಭೆಗಳಲ್ಲಿ ಹೊಸ ವರ್ಷದ ದಿನ ‘ವಾಗ್ದಾನದ ವಚನ’ವನ್ನು ಪಡೆಯುವ ರೂಢಿಯಿದೆ. ಹಾಗೆ ಪದೇಪದೇ ದೊರಕುವ, ಗೋಡೆಯ ಕ್ಯಾಲೆಂಡರುಗಳಲ್ಲಿಯೂ ರಾರಾಜಿಸುವ ವಚನಗಳಲ್ಲಿ ಯೆರೆಮೀಯ ೨೯:೧೧ ಒಂದು. ದೇವರ ಆಲೋಚನೆಗಳು ಕೇಡಿನವಲ್ಲ, ಹಿತದವು ಎಂಬ ಭರವಸೆಯ ಆ ಮಾತನ್ನು ಓದುಗನು ತನ್ನ ಈ ವರ್ಷದ ಉದ್ಯೋಗಕ್ಕೋ ವ್ಯಾಪಾರಕ್ಕೋ ಮಗಳ ಮದುವೆಗೋ ಅನ್ವಯಿಸಿಕೊಳ್ಳುತ್ತಾನೆ. ಹಿಂದುಮುಂದಿನ ವಚನಗಳನ್ನು ಓದಿದಾಗ ಚಿತ್ರ ಬದಲಾಗುತ್ತದೆ. ಇದು ಬಾಬೆಲಿಗೆ ಸೆರೆಹೋದ ಜನರಿಗೆ ಯೆರೂಸಲೇಮಿನಿಂದ ಬರೆದ ಪತ್ರ. ಮನೆಗಳನ್ನು ಕಟ್ಟಿರಿ, ತೋಟಗಳನ್ನು ಮಾಡಿರಿ, ನೀವು ಸೆರೆಯಾಗಿರುವ ಪಟ್ಟಣದ ಕ್ಷೇಮವನ್ನೇ ಹಾರೈಸಿರಿ ಎಂಬುದು ಅದರ ಆಜ್ಞೆ. ಬಿಡುಗಡೆಯ ಅವಧಿ ಎಪ್ಪತ್ತು ವರ್ಷವೆಂದು ಹಿಂದಿನ ವಚನವೇ ಹೇಳುತ್ತದೆ. ಪತ್ರವನ್ನು ಕೈಯಲ್ಲಿ ಹಿಡಿದು ಓದಿದ ಬಹುಪಾಲು ವಯಸ್ಕರು ಆ ಹಿತವನ್ನು ಕಣ್ಣಾರೆ ಕಾಣುವ ಸಂಭವವಿರಲಿಲ್ಲ.

ಇಪ್ಪತ್ತೆಂಟನೆಯ ಅಧ್ಯಾಯಕ್ಕೆ ಸರಿದರೆ ಇದರ ಗಂಭೀರತೆ ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿ ಹನನ್ಯನೆಂಬ ಪ್ರವಾದಿ ಎರಡೇ ವರ್ಷಗಳಲ್ಲಿ ಎಲ್ಲವೂ ಮರಳಿ ಬರುವುದೆಂದು ಸಾರುತ್ತಾನೆ. ಯೆರೆಮೀಯನ ಹೆಗಲ ಮೇಲಿನ ಮರದ ನೊಗವನ್ನು ಎಲ್ಲರೆದುರು ಮುರಿಯುತ್ತಾನೆ. ಹನನ್ಯನು ಅನ್ಯದೇವತೆಯ ಹೆಸರಿನಲ್ಲಿ ನುಡಿದವನಲ್ಲ. ಯೆಹೋವನ ಹೆಸರಿನಲ್ಲಿಯೇ, ಜನ ಕೇಳಬಯಸಿದ್ದನ್ನೇ ನುಡಿದನು. ಕಿವಿಗೆ ಹಿತವಾದ ಬೋಧಕರನ್ನು ಜನ ತಾವೇ ಕೂಡಿಸಿಕೊಳ್ಳುವ ಕಾಲ ಬರುತ್ತದೆಂಬ ತಿಮೊಥೆಯ ಪತ್ರಿಕೆಯ ಎಚ್ಚರಿಕೆ (೨ ತಿಮೊಥೆ ೪:೩) ಇಂಥವನನ್ನು ಕುರಿತದ್ದೇ. ವಿಪರ್ಯಾಸವೆಂದರೆ, ೨೯:೧೧ನ್ನು ಎಪ್ಪತ್ತು ವರ್ಷಗಳ ಸಂದರ್ಭದಿಂದ ಕಿತ್ತು ಒಂದು ವರ್ಷದ ವಾಗ್ದಾನವಾಗಿಸಿದಾಗ ಯೆರೆಮೀಯನ ಬಾಯಲ್ಲಿ ಹನನ್ಯನ ಮಾತನ್ನು ಇಟ್ಟಂತಾಗುತ್ತದೆ. ಪದ ಒಂದೂ ಬದಲಾಗಿಲ್ಲ. ಬೋಧನೆ ಮಾತ್ರ ಅಸ್ವಸ್ಥವಾಗಿದೆ. ಐಶ್ವರ್ಯವನ್ನೂ ರೋಗಮುಕ್ತಿಯನ್ನೂ ನಂಬಿಕೆಯ ನಿಶ್ಚಿತ ಪ್ರತಿಫಲವೆಂದು ಸಾರುವ ಬೋಧನೆಗಳ ವಿರುದ್ಧ ಸುವಾರ್ತಾನಿಷ್ಠ ಪಂಡಿತರು ಎತ್ತುವ ಮುಖ್ಯ ಆಕ್ಷೇಪ ಇದೇ. ಇಂಥ ಬೋಧನೆಯನ್ನು ನಂಬಿ ನಿರಾಶರಾದ ಬಡವನೂ ರೋಗಿಯೂ ತಮ್ಮ ನಂಬಿಕೆಯೇ ಸಾಲದೆಂದು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ತಪ್ಪು ಓದಿನ ದಂಡವನ್ನು ತೆರುವವರು ಸಭೆಯ ಅತ್ಯಂತ ದುರ್ಬಲರು. ಸಂದರ್ಭಸಹಿತವಾದ ಓದು ಅವರಿಂದ ಭರವಸೆಯನ್ನು ಕಸಿಯುವುದಿಲ್ಲ. ಬಿಡುಗಡೆ ತಡವಾದರೂ ಸೆರೆಯ ಊರಿನಲ್ಲಿಯೇ ಬಾಳನ್ನು ಕಟ್ಟಬಹುದೆಂಬ ಗಟ್ಟಿಯಾದ ಭರವಸೆಯನ್ನು ಕೊಡುತ್ತದೆ.

೬. ಪಂಕ್ತಿಯಲ್ಲಿ ಪರೀಕ್ಷೆ

ಸಿದ್ಧಾಂತದ ಸ್ವಾಸ್ಥ್ಯವನ್ನು ಓದಿನ ಸರಿತಪ್ಪುಗಳಿಂದ ಮಾತ್ರ ಅಳೆಯಲಾಗದು. ನಂಬಿಕೆಯಿಂದ ನೀತಿವಂತರೆಂದು ನಿರ್ಣಯ ಹೊಂದುವ ಸಿದ್ಧಾಂತವನ್ನು ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಮಂಡಿಸುವುದು ಒಂದು ಊಟದ ಪಂಕ್ತಿಯ ಜಗಳದ ಸಂದರ್ಭದಲ್ಲಿ (೨:೧೧-೧೬). ಅಂತಿಯೋಕ್ಯದಲ್ಲಿ ಅನ್ಯಜನರೊಡನೆ ಊಟ ಮಾಡುತ್ತಿದ್ದ ಪೇತ್ರನು, ಯೆರೂಸಲೇಮಿನಿಂದ ಕೆಲವರು ಬಂದೊಡನೆ ಹಿಂಜರಿದು ಪಂಕ್ತಿಯನ್ನು ಬಿಟ್ಟನು. ಅವನ ಬಾಯಿಂದ ಯಾವ ತಪ್ಪು ಸಿದ್ಧಾಂತವೂ ಬಂದಿರಲಿಲ್ಲ. ಆದರೂ ಅವನ ನಡೆ ಸುವಾರ್ತೆಯ ಸತ್ಯಕ್ಕೆ ನೇರವಾಗಿಲ್ಲವೆಂದು ಪೌಲನು ಎಲ್ಲರೆದುರು ಆಕ್ಷೇಪಿಸಿದನು.

ಭಾರತೀಯ ಸಭೆಗೆ ಈ ಪ್ರಸಂಗ ಪುರಾತನ ಕಥೆಯಾಗಿ ಉಳಿಯಲಿಲ್ಲ. ಜಾತಿಯನ್ನು ಸಾಮಾಜಿಕ ಆಚಾರವೆಂದು ಸಹಿಸಬಹುದೇ ಅಥವಾ ಅದು ಸುವಾರ್ತೆಗೇ ವಿರುದ್ಧವೇ ಎಂಬುದು ಹತ್ತೊಂಬತ್ತನೆಯ ಶತಮಾನದ ದಕ್ಷಿಣ ಭಾರತದ ಪ್ರಾಟೆಸ್ಟಂಟ್ ಮಿಶನ್‌ಗಳನ್ನು ಕಲಕಿದ ಪ್ರಶ್ನೆ. ೧೮೫೦ರಲ್ಲಿ ಮದರಾಸಿನ ಮಿಶನರಿ ಸಮ್ಮೇಳನ ಜಾತಿಯ ವಿರುದ್ಧ ನಿರ್ಣಯವನ್ನು ಕೈಗೊಂಡಿತು. ಲೈಪ್ಜಿಗ್ ಮಿಶನ್ನಿನ ಲೂಥರನರು ಭಿನ್ನವಾದ ನಿಲುವು ತಳೆದರು. ಮಂಗಳೂರಿನಲ್ಲಿ ೧೮೪೪ರಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ಬಾಸೆಲಿನಲ್ಲಿ ವ್ಯಾಸಂಗ ಮಾಡಿ, ೧೮೫೧ರಲ್ಲಿ ಗುರುದೀಕ್ಷೆ ಪಡೆದು ಮರಳಿದನು. ಬಿಲ್ಲವರೇ ಬಹುಸಂಖ್ಯಾತರಾಗಿದ್ದ ಕರಾವಳಿಯ ಸಭೆಯಲ್ಲಿ ಅವನು ಬೋಧಕನಾದುದು ಬೋಧನೆಯ ಸ್ವಾಸ್ಥ್ಯಕ್ಕೆ ಪಂಕ್ತಿಯೂ ಒರೆಗಲ್ಲೆಂಬ ತತ್ತ್ವಕ್ಕೆ ಒಂದು ನಿದರ್ಶನ. ಸಭೆಗಳಲ್ಲಿ ಈ ಪರೀಕ್ಷೆ ಮುಗಿದಿಲ್ಲವೆಂಬುದನ್ನು ದಲಿತ ದೇವಶಾಸ್ತ್ರಜ್ಞರು ೧೯೮೦ರ ದಶಕದಿಂದ ಎತ್ತುತ್ತ ಬಂದಿರುವ ಪ್ರಶ್ನೆಗಳು ನೆನಪಿಸುತ್ತವೆ.

ಸಮಾರೋಪ

ಸ್ವಸ್ಥಬೋಧನೆ ಎಂಬುದನ್ನು ಸಿದ್ಧಸೂತ್ರಗಳ ಪಟ್ಟಿಯೆಂದು ತಿಳಿದರೆ ಅದು ಕಾವಲುಗಾರನ ಕೈಯ ಬೀಗವಾಗುತ್ತದೆ. ಕನ್ನಡ ಪರಂಪರೆಯ ಸಾಕ್ಷ್ಯ ಬೇರೆಯದನ್ನು ಹೇಳುತ್ತದೆ. ಪದಗಳನ್ನು ತೂಗಿ ಆಯ್ದ ಅನುವಾದಕ, ‘ಯಾಕಂದರೆ’ಯ ಜಾಡು ಹಿಡಿದ ಉಪದೇಶಿ, ಮನೆಯಿಂದ ಮನೆಗೆ ಹೋಗಿ ಸ್ತ್ರೀಯರಿಗೆ ಓದಿ ಹೇಳಿದ ಬೈಬಲ್ ಸ್ತ್ರೀಯರು, ಕೂಟದಲ್ಲಿ ಸಂದೇಹವನ್ನು ಕೇಳಿದ ವಿದ್ಯಾರ್ಥಿ, ಪಂಕ್ತಿಯಲ್ಲಿ ಕುಳಿತ ಸಭಿಕ ಇವರೆಲ್ಲರೂ ಅದರ ಪಾಲಕರು. ಬೋಧನೆಯನ್ನು ಪರೀಕ್ಷಿಸುವ ಶಕ್ತಿ ಸಮುದಾಯದಲ್ಲಿ ಜೀವಂತವಾಗಿರುವವರೆಗೆ ಮಾತ್ರ ಅದು ಸ್ವಸ್ಥವಾಗಿರುತ್ತದೆ.

ಈ ಶಕ್ತಿ ಭಾಷೆಯನ್ನು ಅವಲಂಬಿಸಿದೆ ಎಂಬುದು ಸಂಶೋಧಕರು ಗಮನಿಸಬೇಕಾದ ಸಂಗತಿ. ಕ್ರೈಸ್ತ ಮನೆಗಳ ಹೊಸ ತಲೆಮಾರು ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತು, ಸಭೆಯಲ್ಲಿ ಮಾತ್ರ ಕನ್ನಡ ಕೇಳುವಲ್ಲಿ ‘ನಿರ್ಣಯ’, ‘ನರಾವತಾರ’, ‘ಸ್ವಸ್ಥ’ ಎಂಬ ಪದಗಳು ಅರ್ಥ ಕಳೆದುಕೊಂಡ ಮಂತ್ರಾಕ್ಷರಗಳಾಗುತ್ತವೆ. ಅರ್ಥವಾಗದ ಪದವನ್ನು ಯಾವ ಬೋಧಕನೂ ತನಗೆ ಬೇಕಾದಂತೆ ಬಗ್ಗಿಸಬಲ್ಲ. ಹಳೆಯ ಅನುವಾದಗಳು, ಅವುಗಳ ಪರಿಷ್ಕರಣಗಳು, ಪ್ರಶ್ನೋತ್ತರ ಪುಸ್ತಿಕೆಗಳು ಇವುಗಳ ತೌಲನಿಕ ಅಧ್ಯಯನ ಕನ್ನಡ ಭಾಷಾಚರಿತ್ರೆಗೆ ಎಷ್ಟು ಪ್ರಯೋಜನಕರವೋ, ಆ ಗ್ರಂಥವನ್ನು ನೆಚ್ಚಿ ಬಾಳುವ ಜನರಿಗೂ ಅಷ್ಟೇ ಅಗತ್ಯವಾದುದು. ನೀರುಬಾಗಿಲ ಬಯಲಿನಲ್ಲಿ ಲೇವಿಯರು ಮಾಡಿದ್ದು ಇದೇ ಕೆಲಸ: ಓದಿದ್ದು, ಅರ್ಥ ಹೇಳಿದ್ದು, ಕೇಳಿದವರಿಗೆ ತಿಳಿಯಿತೇ ಎಂದು ನೋಡಿಕೊಂಡದ್ದು.